ಹಳೆ ಯೆಜ್ಡಿಗೆ ಹೊಸ ಟೈರ್: ನಾಲ್ಕು ಅಂಕಿಯ ಹಿಂದಿರುವ ಕಥೆ

2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ತ್ಯಾಗರಾಜನಗರದ ನಮ್ಮ ಬಾಡಿಗೆ ಮನೆ ಮುಂದೆ ಒಂದು ಟಾಟಾ ಏಸ್ ಬಂದು ನಿಂತಿತು. ಅದರ ಮೇಲೆ ಹಗ್ಗ ಬಿಗಿದು ನಿಲ್ಲಿಸಿದ್ದ ಹಳೆ ಯೆಜ್ಡಿ ಬೈಕು. ಮನೆಯಲ್ಲಿರುವ ನಾವು ನಾಲ್ಕು ಜನರಲ್ಲಿ ಒಬ್ಬನ ಅಪ್ಪನ ಗಾಡಿ ಅದು. ಮದ್ದೂರು ತಾಲ್ಲೂಕಿನ ಹಳ್ಳಿಯಿಂದ ಬಂದಿತ್ತು. ಅಪ್ಪ ಮಾತ್ರ ಬಂದಿರಲಿಲ್ಲ. ಅವರ ಬಲಗೈ ಮಣಿಕಟ್ಟು ಮುರಿದು, ಬ್ಯಾಂಡೇಜು ಬಿಚ್ಚಿ ಎರಡು ವಾರವಷ್ಟೇ ಆಗಿತ್ತು.

ಆಗಸ್ಟ್‌ನ ಒಂದು ಸಂಜೆ ನಾಲೆ ಏರಿ ಮೇಲೆ ಬರುತ್ತಿದ್ದಾಗ ಬಿದ್ದಿದ್ದರು. ಜೋರಾಗಿ ಓಡಿಸುತ್ತಿರಲಿಲ್ಲ, ಮೂವತ್ತರಲ್ಲಿದ್ದರಂತೆ. ತುಂತುರು ಮಳೆ. ಎದುರಿಗೆ ಹಸು ಬಂತು ಅಂತ ಬ್ರೇಕ್ ಹಿಡಿದರು. ಮುಂದಿನ ಚಕ್ರ ಸರ್ರನೆ ಜಾರಿತು. ರಸ್ತೆಯಲ್ಲಿ ಕೆಸರಿತ್ತು ಅಂತ ಅಪ್ಪ, ವಯಸ್ಸಾಯಿತು ಇನ್ನು ಗಾಡಿ ಬಿಡಿ ಅಂತ ಅಮ್ಮ. ಊರಿನ ಮೆಕ್ಯಾನಿಕ್ ಬಂದು ಬ್ರೇಕು, ಫೋರ್ಕು ಎಲ್ಲ ನೋಡಿ, ‘ಟೈರೂ ಚೆನ್ನಾಗಿದೆ, ಗ್ರಿಪ್ ಅರ್ಧಕ್ಕಿಂತ ಜಾಸ್ತಿ ಇದೆ’ ಅಂದಿದ್ದರು.

ಗಾಡಿಯನ್ನು ಇಲ್ಲಿ ರಿಪೇರಿ ಮಾಡಿಸಿ ಕಳಿಸೋಣ ಅಂತ ತರಿಸಿದ್ದೆವು. ಅಂಗಳದಲ್ಲಿ ನಿಲ್ಲಿಸಿ ಮುಂದಿನ ಚಕ್ರದ ಮಣ್ಣು ತೊಳೆದಾಗ ಟೈರಿನ ಪಕ್ಕದಲ್ಲಿ, ಮೊಟ್ಟೆಯಾಕಾರದ ಚಿಕ್ಕ ಗೆರೆಯೊಳಗೆ ನಾಲ್ಕು ಅಂಕಿ ಕಂಡವು: 3112. ಅಂದರೆ 2012ನೇ ಇಸವಿಯ 31ನೇ ವಾರದಲ್ಲಿ ತಯಾರಾದ ಟೈರು. ಅಪ್ಪ ಬಿದ್ದಾಗ ಅದಕ್ಕೆ ಹನ್ನೆರಡು ವರ್ಷ.

ಫೋನ್ ಮಾಡಿ ಕೇಳಿದೆವು. ‘ಏನ್ ಮಾತಾಡ್ತಿಯೋ, ಅದು 2018ರಲ್ಲಿ ತಗೊಂಡ ಹೊಸಾ ಟೈರು. ಪೇಪರ್ ಸುತ್ತಿದ್ದು ನಾನೇ ಬಿಚ್ಚಿದ್ದು’ ಅಂದರು ಅಪ್ಪ. ಅವರು ಹೇಳಿದ್ದು ಸುಳ್ಳಲ್ಲ. ಹೊಸದಾಗಿ ಕೊಂಡಿದ್ದರು. ಆದರೆ ಕೊಂಡ ದಿನವೇ ಅದಕ್ಕೆ ಆರು ವರ್ಷ ವಯಸ್ಸಾಗಿತ್ತು.

ಹೊಸ ಟೈರು ಹಳೆಯದಾಗಿ ಸಿಗುವುದು ಹೇಗೆ? ಈ ಪ್ರಶ್ನೆ ಹಿಡಿದು ಹೊರಟ ನಮಗೆ ಮೈಸೂರಿನ ಕಾರ್ಖಾನೆಗಳಿಂದ ಸುಳ್ಯದ ರಬ್ಬರ್ ತೋಟದವರೆಗೆ ಒಂದು ಚರಿತ್ರೆಯೇ ಸಿಕ್ಕಿತು. ನಿಮ್ಮ ಮನೆಯಲ್ಲೂ ಹಳೆ ಬೈಕು ಇದ್ದರೆ ಇದು ನಿಮ್ಮ ಚರಿತ್ರೆಯೂ ಹೌದು.

ಕಬ್ಬಿಣದ ಪಟ್ಟಿಯಿಂದ ಗಾಳಿಯ ಚಕ್ರಕ್ಕೆ

ನಮ್ಮ ಎತ್ತಿನಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಇರುತ್ತಿತ್ತು. ಅದು ಸವೆಯಲು ವರ್ಷಗಟ್ಟಲೆ ಬೇಕು. ಅದಕ್ಕೆ ‘ವಯಸ್ಸು’ ಅನ್ನುವುದಿಲ್ಲ, ಸವೆತ ಮಾತ್ರ. ಆಮೇಲೆ ಟೈರ್ ಗಾಡಿ ಬಂತು. ಎತ್ತಿಗೆ ಎಳೆಯುವುದು ಹಗುರವಾಯಿತು, ರಸ್ತೆ ಹಾಳಾಗುವುದು ಕಡಿಮೆಯಾಯಿತು. ಆದರೆ ಟೈರನ್ನೂ ನಾವು ಕಬ್ಬಿಣದ ಪಟ್ಟಿಯ ಲೆಕ್ಕದಲ್ಲೇ ನೋಡಿದೆವು: ಸವೆದರೆ ಹೋಯಿತು, ಸವೆಯದಿದ್ದರೆ ಇದೆ. ತಪ್ಪು ಶುರುವಾಗುವುದು ಇಲ್ಲಿಂದ.

ರಬ್ಬರ್ ಅಂದರೆ ಮರದ ಹಾಲು. ಅದನ್ನು ಹಾಗೇ ಒಣಗಿಸಿದರೆ ಬೇಸಿಗೆಯಲ್ಲಿ ಅಂಟಂಟು, ಚಳಿಯಲ್ಲಿ ಬಿರುಸು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಅದಕ್ಕೆ ಗಂಧಕ ಬೆರೆಸಿ ಕಾಯಿಸಿದಾಗ ಎಳೆದರೂ ಮತ್ತೆ ಮೊದಲಿನಂತಾಗುವ ಗುಣ ಬಂತು. 1845ರಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ ಗಾಳಿ ತುಂಬಿದ ಚಕ್ರಕ್ಕೆ ಪೇಟೆಂಟ್ ಪಡೆದರು. ಆದರೆ ಆಗ ಸೈಕಲ್ಲೂ ಇರಲಿಲ್ಲ, ಮೋಟಾರೂ ಇರಲಿಲ್ಲ, ಜನ ಅದನ್ನು ಮರೆತರು. 1888ರಲ್ಲಿ ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲು ಕುಲುಕುವುದನ್ನು ನೋಡಲಾರದೆ ಗಾಳಿ ಟೈರು ಕಟ್ಟಿದರು. ಈ ಸಲ ಸೈಕಲ್ಲಿನ ಕಾಲ ಬಂದಿತ್ತು. ಟೈರು ಉಳಿಯಿತು.

ಮೊದಲ ಟೈರುಗಳು ಕಪ್ಪಗಿರಲಿಲ್ಲ. ಬಿಳಿ ರಬ್ಬರು ಬೇಗ ಸವೆಯುತ್ತದೆ ಅಂತ ಅದಕ್ಕೆ ಮಸಿ ಬೆರೆಸಿದರು, ಗಟ್ಟಿಯಾಯಿತು, ಕಪ್ಪಾಯಿತು. ಒಳಗೆ ಮೊದಲು ಹತ್ತಿ ದಾರದ ಬಟ್ಟೆ, ಆಮೇಲೆ ನೈಲಾನ್. ಹೀಗೆ ಸವೆತವನ್ನು ಗೆಲ್ಲುತ್ತಾ ಹೋದರು. ವಯಸ್ಸನ್ನು ಮಾತ್ರ ಪೂರ್ತಿ ಗೆಲ್ಲಲಾಗಲಿಲ್ಲ. ಗಾಳಿಯಲ್ಲಿರುವ ಆಮ್ಲಜನಕ, ಓಜೋನ್, ಬಿಸಿಲಿನ ಕಾವು ಸೇರಿ ರಬ್ಬರಿನ ಮೆದುತನವನ್ನು ನಿಧಾನವಾಗಿ ತಿನ್ನುತ್ತವೆ. ಕಪಾಟಿನಲ್ಲಿಟ್ಟ ರಬ್ಬರ್ ಬ್ಯಾಂಡ್ ನಾಲ್ಕು ವರ್ಷ ಬಿಟ್ಟು ಎಳೆದರೆ ಪಟ್ ಅನ್ನುತ್ತದಲ್ಲ, ಅದೇ. ಯಾರೂ ಅದನ್ನು ಬಳಸಿರಲಿಲ್ಲ, ಆದರೂ ಅದು ಮುಗಿದಿತ್ತು.

ನಮ್ಮ ನೆಲದ ರಬ್ಬರು

ರಬ್ಬರ್ ಮರ ನಮ್ಮದಲ್ಲ, ಬ್ರೆಜಿಲ್ಲಿನದು. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಅಲ್ಲಿಂದ ಸುಮಾರು 70,000 ಬೀಜಗಳನ್ನು ಇಂಗ್ಲೆಂಡಿಗೆ ಸಾಗಿಸಿದ. ಅಲ್ಲಿ ಮೊಳೆತ ಸಸಿಗಳು ಸಿಲೋನಿಗೆ, ಮಲಯಾಕ್ಕೆ ಹೋದವು. 1902ರಲ್ಲಿ ಕೇರಳದ ತಟ್ಟೇಕಾಡಿನಲ್ಲಿ ವ್ಯಾಪಾರಕ್ಕಾಗಿ ರಬ್ಬರ್ ತೋಟ ಎದ್ದಿತು.

ಕರ್ನಾಟಕದ ರಬ್ಬರಿಗೆ ಇನ್ನೊಂದು ಕಥೆ ಇದೆ. 1964ರಲ್ಲಿ ಪ್ರಧಾನಿ ಶಾಸ್ತ್ರಿ ಮತ್ತು ಸಿಲೋನಿನ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಮಾಡಿಕೊಂಡ ಒಪ್ಪಂದದಂತೆ ಅಲ್ಲಿನ ಚಹಾ ತೋಟಗಳ ತಮಿಳು ಕೂಲಿಕಾರರಲ್ಲಿ ಅನೇಕರನ್ನು ಭಾರತಕ್ಕೆ ಕಳಿಸಲಾಯಿತು. ಹಾಗೆ ಬಂದವರಲ್ಲಿ ಕೆಲವರಿಗೆ ನೆಲೆ ಕೊಡಲು ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಕಡೆ ರಬ್ಬರ್ ತೋಟ ಬೆಳೆಸಿದರು. ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮ ಆ ತೋಟಗಳನ್ನು ನೋಡಿಕೊಂಡಿತು. ಊರು ಬಿಟ್ಟು ಬಂದವರು ಬೆಳಗಿನ ಜಾವ ಎದ್ದು ಮರದ ತೊಗಟೆ ಕೆತ್ತಿ ಹಾಲು ಇಳಿಸಿದರು. ಟೈರು ಅಂದರೆ ಬರೀ ಕಾರ್ಖಾನೆಯ ಸಾಮಾನು ಅಂದುಕೊಂಡಿದ್ದ ನಮಗೆ, ಅದರ ಹಿಂದೆ ಹೀಗೊಂದು ಬೆಳಗಿನ ಜಾವದ ಕೂಲಿಯೂ ಇದೆ ಅಂತ ಗೊತ್ತಾದದ್ದು ಈ ಹುಡುಕಾಟದಲ್ಲೇ.

ಬೈಕೂ ಮೈಸೂರಿನದು, ಟೈರೂ ಮೈಸೂರಿನದು

ಈಗ ಗಾಡಿಯ ಕಥೆಗೆ ಬರೋಣ. ಜಾವಾ ಹುಟ್ಟಿದ್ದು ಜೆಕೊಸ್ಲೊವಾಕಿಯಾದಲ್ಲಿ, 1929ರಲ್ಲಿ. ಮಾಲೀಕ ಯಾನೆಚೆಕ್ ಹೆಸರಿನ ಮೊದಲೆರಡು ಅಕ್ಷರ, ‘ವಾಂಡರರ್’ ಅನ್ನುವ ಜರ್ಮನ್ ಬೈಕಿನ ಮೊದಲೆರಡು ಅಕ್ಷರ ಸೇರಿ ‘ಜಾವಾ’. ಐವತ್ತರ ದಶಕದಲ್ಲಿ ಭಾರತ ಸರ್ಕಾರ ಹೊರದೇಶದ ಬೈಕುಗಳ ಆಮದಿಗೆ ತಡೆ ಹಾಕಿತು. ಮುಂಬೈಯಲ್ಲಿ ಜಾವಾ ತರಿಸಿ ಮಾರುತ್ತಿದ್ದ ರುಸ್ತುಂ ಇರಾನಿ ಅವರು ಫಾರೂಕ್ ಇರಾನಿ ಅವರ ಜೊತೆ ಸೇರಿ, ಇಲ್ಲೇ ತಯಾರು ಮಾಡೋಣ ಅಂತ ಮೈಸೂರಿಗೆ ಬಂದರು. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಎದ್ದಿತು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್.

ಎಪ್ಪತ್ತರ ದಶಕದಲ್ಲಿ ಅದೇ ಕಾರ್ಖಾನೆಯಿಂದ ‘ಯೆಜ್ಡಿ’ ಹೆಸರಿನಲ್ಲಿ ಬೈಕುಗಳು ಬಂದವು. ಎರಡು ಸೈಲೆನ್ಸರ್, ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಎಂಜಿನ್. ಕಿಕ್ಕರೂ ಗೇರೂ ಒಂದೇ ಲಿವರಿನಲ್ಲಿ: ಸ್ಟಾರ್ಟ್ ಮಾಡಲು ಹಿಂದಕ್ಕೆ ಎತ್ತಿ ಒದೆಯಬೇಕು, ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ಬಗ್ಗಿಸಿದರೆ ಅದೇ ಗೇರು. ಮೈಸೂರು, ಮಂಡ್ಯ, ಹಾಸನದ ಕಡೆಯವರಿಗೆ ಆ ‘ದುಗು ದುಗು’ ಸದ್ದು ಚೆನ್ನಾಗಿ ಗೊತ್ತು.

ಮೈಸೂರಿನಲ್ಲಿ ಟೈರಿನ ಕಾರ್ಖಾನೆಗಳೂ ಇದ್ದವು. ರಾಜ್ಯ ಸರ್ಕಾರದ ಬೆಂಬಲದ ವಿಕ್ರಾಂತ್ ಟೈರ್ಸ್ ಲಾರಿ, ಬಸ್ಸುಗಳ ಟೈರಿಗೆ ಹೆಸರು ಮಾಡಿತ್ತು. ಫಾಲ್ಕನ್ ಟೈರ್ಸ್ ಎರಡು ಚಕ್ರ, ಮೂರು ಚಕ್ರದ ಗಾಡಿಗಳಿಗೆ ಟೈರು ಮಾಡುತ್ತಿತ್ತು. ಅವುಗಳಲ್ಲಿ ಬಹಳಷ್ಟು ಡನ್ಲಪ್ ಹೆಸರಿನಲ್ಲಿ ಅಂಗಡಿಗೆ ಬರುತ್ತಿದ್ದವು. ಬೈಕು ಕಟ್ಟುವವರು ಒಂದು ಬಡಾವಣೆಯಲ್ಲಿ, ಬೈಕಿನ ಟೈರು ಅಚ್ಚು ಹಾಕುವವರು ಅದೇ ಊರಿನ ಇನ್ನೊಂದು ಮೂಲೆಯಲ್ಲಿ. ಆ ಕಾಲದಲ್ಲಿ ಮಂಡ್ಯದ ಅಂಗಡಿಗೆ ಹೋಗಿ ‘ಜಾವಾ ಟೈರ್ ಕೊಡಿ’ ಅಂದರೆ ಅಳತೆ ಕೇಳುವ ಅಗತ್ಯವೇ ಇರಲಿಲ್ಲ.

ನಮ್ಮ ಗೆಳೆಯನ ಅಪ್ಪ ಈ ಯೆಜ್ಡಿಯನ್ನು 1991ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡರು. ರೇಷ್ಮೆ ಗೂಡಿನ ಚೀಲ ಹಿಂದೆ ಕಟ್ಟಿಕೊಂಡು ರಾಮನಗರದ ಮಾರುಕಟ್ಟೆಗೆ ಹೋಗುತ್ತಿದ್ದರು. ಮಗನ ಓದಿನ ಖರ್ಚು ಆ ಚಕ್ರಗಳ ಮೇಲೇ ಓಡಿ ಬಂದದ್ದು. ಆ ಮಗ ಇವತ್ತು ಬಾಡಿಗೆಗಿರುವ ತ್ಯಾಗರಾಜನಗರದ ಹತ್ತಿರವೇ ‘ಟಾಟಾ ಸಿಲ್ಕ್ ಫಾರಂ’ ಅನ್ನುವ ಜಾಗ ಇದೆ. ನೂರಕ್ಕೂ ಹೆಚ್ಚು ವರ್ಷದ ಹಿಂದೆ ಜೆಮ್‌ಶೆಡ್‌ಜಿ ಟಾಟಾ ಅಲ್ಲಿ ರೇಷ್ಮೆ ತೋಟ ಮಾಡಿಸಿದ್ದರು. ಈಗ ಹಿಪ್ಪುನೇರಳೆ ಇಲ್ಲ, ಹೆಸರಷ್ಟೇ ಇದೆ. ಅದನ್ನು ಫೋನಿನಲ್ಲಿ ಹೇಳಿದಾಗ ಅಪ್ಪ ನಕ್ಕು, ‘ಹಂಗಾರೆ ಗಾಡಿ ಸರಿಯಾದ ಜಾಗಕ್ಕೇ ಹೋಗೈತೆ ಬಿಡು’ ಅಂದಿದ್ದರು.

ಬಾಗಿಲು ಮುಚ್ಚಿದ ಮೇಲೆ

1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು. ಲೀಟರಿಗೆ ಎಷ್ಟು ಕೊಡುತ್ತೆ ಅನ್ನುವುದೇ ಎಲ್ಲರ ಮೊದಲ ಪ್ರಶ್ನೆಯಾಯಿತು. 250 ಸಿಸಿಯ ಟೂ ಸ್ಟ್ರೋಕ್ ಗಾಡಿ ಆ ಪ್ರಶ್ನೆಗೆ ಉತ್ತರ ಕೊಡಲಾರದೆ ಹೋಯಿತು. ಹೊಗೆಯ ಮೇಲಿನ ನಿಯಮಗಳೂ ಬಿಗಿಯಾದವು. 1996ರಲ್ಲಿ ಐಡಿಯಲ್ ಜಾವಾ ಬಾಗಿಲು ಮುಚ್ಚಿತು. ಮರುವರ್ಷ, 1997ರಲ್ಲಿ, ವಿಕ್ರಾಂತ್ ಜೆಕೆ ಟೈರ್ ಕೈಗೆ ಹೋಯಿತು. ಫಾಲ್ಕನ್ ಕೂಡ ಕಳೆದ ದಶಕದಲ್ಲಿ ನಿಂತುಹೋಯಿತು. ಅಲ್ಲಿ ದುಡಿಯುತ್ತಿದ್ದವರ ಕಷ್ಟ ಬೇರೆಯೇ ಒಂದು ಲೇಖನ.

ಇಲ್ಲಿ ನಾವು ಹೇಳಬೇಕಾದ್ದು ಟೈರಿನ ಅಳತೆಯ ವಿಷಯ. ಟೈರಿನ ಪ್ರತಿಯೊಂದು ಅಳತೆಗೂ ಬೇರೆಯೇ ಕಬ್ಬಿಣದ ಅಚ್ಚು ಬೇಕು. ಸ್ಪ್ಲೆಂಡರಿನ 2.75-18 ಅಳತೆ ದಿನವೂ ಸಾವಿರಗಟ್ಟಲೆ ಖರ್ಚಾಗುತ್ತದೆ. ಹಾಗಾಗಿ ಅದರ ಅಚ್ಚು ತಣ್ಣಗಾಗುವುದೇ ಇಲ್ಲ. ಹಳ್ಳಿಯ ಪಂಕ್ಚರ್ ಅಂಗಡಿಯಲ್ಲೂ ಎರಡು ತಿಂಗಳ ಹಿಂದೆ ತಯಾರಾದ ಟೈರು ಸಿಗುತ್ತದೆ. ನಮ್ಮ ಯೆಜ್ಡಿಯದು 3.25-16. ಹೊಸ ಗಾಡಿಗಳಲ್ಲಿ ಈ ಅಳತೆ ಕಾಣುವುದೇ ಅಪರೂಪ. ಕಂಪನಿಯವರು ಯಾವಾಗಲೋ ಒಮ್ಮೆ ಅಚ್ಚು ಏರಿಸಿ ಒಂದಿಷ್ಟು ಮಾಡಿ ಇಳಿಸುತ್ತಾರೆ. ಆ ಟೈರು ಗೋದಾಮಿನಲ್ಲಿ, ಆಮೇಲೆ ಡೀಲರ್ ಹತ್ತಿರ, ಆಮೇಲೆ ಅಂಗಡಿಯ ಅಟ್ಟದ ಮೇಲೆ ಗಿರಾಕಿಗಾಗಿ ಕಾಯುತ್ತದೆ. ಅಪ್ಪ 2018ರಲ್ಲಿ ಬಿಚ್ಚಿದ ಪೇಪರಿನೊಳಗೆ ಇದ್ದದ್ದು ಆ ಕಾಯುವಿಕೆಯ ಆರು ವರ್ಷ.

ಗಾಡಿ ಹಳೆಯದಾದಷ್ಟೂ ಅದರ ಟೈರು ಅಂಗಡಿಯಲ್ಲೇ ಮುದಿಯಾಗಿರುವ ಸಾಧ್ಯತೆ ಹೆಚ್ಚು. ಹಳೆ ಬೈಕಿಗೆ ಹೊಸ ಟೈರು ಅಂದರೆ ಹೊಸದಾಗಿ ಕೊಂಡದ್ದಲ್ಲ, ಹೊಸದಾಗಿ ತಯಾರಾದದ್ದು. ಇಡೀ ಲೇಖನದಲ್ಲಿ ಇದೊಂದು ನೆನಪಿದ್ದರೂ ಸಾಕು.

ಜೆ.ಸಿ. ರಸ್ತೆಯಲ್ಲಿ ನಾಲ್ಕು ಅಂಗಡಿ

ಬೆಂಗಳೂರಿನಲ್ಲಿ ಗಾಡಿ ಸಾಮಾನು ಅಂದರೆ ಜೆ.ಸಿ. ರಸ್ತೆ. ಜೆ.ಸಿ. ಅಂದರೆ ಜಯಚಾಮರಾಜೇಂದ್ರ. ಜಾವಾ ಕಾರ್ಖಾನೆ ಉದ್ಘಾಟಿಸಿದವರ ಹೆಸರಿನ ರಸ್ತೆಯಲ್ಲೇ ಆ ಕಾರ್ಖಾನೆಯ ಗಾಡಿಗೆ ಟೈರು ಹುಡುಕಿಕೊಂಡು ಹೋದೆವು.

ಮೊದಲ ಅಂಗಡಿಯಲ್ಲಿ, ‘ಹದಿನಾರು ತಾನೆ ಸಾರ್? ಇದು ಹಾಕ್ಕೊಳಿ, ಕೂತ್ಕೊಳುತ್ತೆ’ ಅಂತ ಮೊಪೆಡ್ಡಿಗೆ ಹಾಕುವ 2.50-16 ಟೈರು ತೆಗೆದರು. ರಿಮ್ಮಿನ ಅಳತೆ ಹದಿನಾರು ಅಂಗುಲ ಎರಡಕ್ಕೂ ಒಂದೇ, ಹಾಗಾಗಿ ಕೂರುವುದೇನೋ ನಿಜ. ಆದರೆ ಹೊರೆಯ ಲೆಕ್ಕ ಬೇರೆ. ಆ ಟೈರಿನ ಮೇಲೆ 41 ಅಂತ ಇತ್ತು. ಅಂದರೆ ಅದು ಹೊರಬಲ್ಲದ್ದು 145 ಕೆಜಿ. ಯೆಜ್ಡಿಯ ತೂಕವೇ 140 ಕೆಜಿ ಆಸುಪಾಸು. ಓಡಿಸುವವರು 65, ಹಿಂದೆ ಗೂಡಿನ ಚೀಲ 70 ಅಂದರೆ ಒಟ್ಟು 275. ಹೊರೆ ಹಿಂದೆ ಇದ್ದಾಗ ಅದರಲ್ಲಿ ಮೂರನೇ ಎರಡು ಭಾಗ ಹಿಂದಿನ ಚಕ್ರದ ಮೇಲೆ ಬಿದ್ದರೂ 180 ದಾಟುತ್ತದೆ. 145ರ ಟೈರು ಅದನ್ನು ಹೊರಲಾರದು. ಬಿಸಿಯಾಗಿ, ಪಕ್ಕ ಸೀಳಿ ಕೈಕೊಡುತ್ತದೆ.

ಎರಡನೇ ಅಂಗಡಿಯಲ್ಲಿ, ‘ಅಗಲದ್ದು ಹಾಕ್ಸಿ ಗುರು, ಲುಕ್ ಬರುತ್ತೆ’ ಅಂದರು. ಹಳೆ ಗಾಡಿಯ ರಿಮ್ಮು ಕಿರಿದು. ಅದರ ಮೇಲೆ ಅಗಲದ ಟೈರು ಹಾಕಿದರೆ ಎರಡೂ ಅಂಚು ಒತ್ತಿಕೊಂಡು ನಡು ಉಬ್ಬುತ್ತದೆ. ತಿರುವಿನಲ್ಲಿ ಗಾಡಿ ಒಂದೇ ಸಮ ಬಾಗದೆ ತಟ್ಟನೆ ಬೀಳುವ ಹಾಗೆ ಆಡುತ್ತದೆ. ಚೈನ್ ಕವರಿಗೋ ಮಡ್‌ಗಾರ್ಡಿಗೋ ಉಜ್ಜುವುದೂ ಉಂಟು. ಹಳೆ ಗಾಡಿಗೆ ಅದರ ಹಳೆ ಅಳತೆಯೇ ಸರಿ.

ಮೂರನೇ ಅಂಗಡಿಯಲ್ಲಿ ಸರಿಯಾದ ಅಳತೆ ಸಿಕ್ಕಿತು. ಫೋನಿನ ಟಾರ್ಚ್ ಹಾಕಿ ನೋಡಿದೆವು: 2217. ಏಳು ವರ್ಷ ಹಳೆಯದು. ‘ಅಣ್ಣಾ, ಇದು 2017ರದ್ದಲ್ವಾ?’ ಅಂದೆವು. ಅವರು ಒಂದು ಕ್ಷಣ ನಮ್ಮನ್ನು ನೋಡಿ, ‘ನೀವು ಕೇಳಿದ್ರಿ ಅಂತ ಹೇಳ್ತೀನಿ. ಕಡಿಮೆಗೆ ಕೊಡ್ತೀನಿ, ಬೇಡಾಂದ್ರೆ ಬಿಡಿ’ ಅಂದರು. ಬಿಟ್ಟೆವು. ಅವರ ಮೇಲೆ ಸಿಟ್ಟೇನೂ ಬರಲಿಲ್ಲ. ವರ್ಷಕ್ಕೊಂದು ಗಿರಾಕಿ ಬರುವ ಸಾಮಾನನ್ನು ಅವರಾದರೂ ಎಷ್ಟು ಬಾರಿ ಬದಲಿಸಿ ಇಡುತ್ತಾರೆ? ಆದರೆ ಬೀಳುವವರು ನಾವು, ನೋಡಿ ಕೊಳ್ಳುವುದು ನಮ್ಮ ಕೆಲಸ.

ನಾಲ್ಕನೇ ಅಂಗಡಿಯವರು, ‘ಸ್ಟಾಕ್ ಇಲ್ಲ, ನಾಲ್ಕು ದಿನ ಬಿಟ್ಟು ಬನ್ನಿ, ತರಿಸ್ತೀನಿ’ ಅಂದರು. ನಾಲ್ಕು ದಿನ ಬಿಟ್ಟು ಹೋದಾಗ ಒಂದು ಜೊತೆ ಬಂದಿತ್ತು. ಅಂಕಿ 1924. ಅಂದರೆ ಅದೇ ವರ್ಷದ ಮೇ ತಿಂಗಳಿನದು. ಎರಡೂ ಕೊಂಡೆವು.

ಟೈರಿನ ಮೈಮೇಲಿನ ಬರಹ ಓದುವುದು ಹೀಗೆ

ಟೈರಿನ ಪಕ್ಕದಲ್ಲಿ ಎಲ್ಲವೂ ಬರೆದಿರುತ್ತದೆ. ಒಮ್ಮೆ ಕಲಿತರೆ ಯಾವ ಗಾಡಿಗಾದರೂ ಆಗುತ್ತದೆ.

- 3.25-16: ಮೊದಲ ಅಂಕಿ ಟೈರಿನ ಅಗಲ, ಎರಡನೆಯದು ರಿಮ್ಮಿನ ಅಳತೆ, ಎರಡೂ ಅಂಗುಲದಲ್ಲಿ. ಹಳೆ ಬುಲೆಟ್ಟಿನದು 3.25-19. ಆರ್‌ಎಕ್ಸ್ 100ಕ್ಕೆ ಮುಂದೆ 2.50-18, ಹಿಂದೆ 2.75-18. ಈಗಿನ ಟೈರುಗಳಲ್ಲಿ 80/100-18 ಎಂದೂ ಇರುತ್ತದೆ. ಅಲ್ಲಿ 80 ಅಂದರೆ ಮಿಲಿಮೀಟರಿನಲ್ಲಿ ಅಗಲ. ಅದು ಹಳೆಯ 2.75-18ಕ್ಕೆ ಹತ್ತಿರದ ಅಳತೆ.
- 55ಪಿ: 55 ಹೊರೆಯ ಸಂಖ್ಯೆ, 218 ಕೆಜಿ ಅಂತ ಅರ್ಥ. 42 ಇದ್ದರೆ 150 ಕೆಜಿ, 48 ಇದ್ದರೆ 180 ಕೆಜಿ. ‘ಪಿ’ ಅಂದರೆ ಗಂಟೆಗೆ 150 ಕಿ.ಮೀ. ವೇಗದವರೆಗೆ ತಾಳುತ್ತದೆ. ‘ಎಲ್’ ಇದ್ದರೆ 120.
- ಬಾಣದ ಗುರುತು: ಚಕ್ರ ಮುಂದಕ್ಕೆ ತಿರುಗುವ ದಿಕ್ಕು. ಹಾಕುವವರು ಆತುರದಲ್ಲಿ ತಿರುಗಾಮುರುಗಾ ಮಾಡುವುದುಂಟು, ನಿಂತು ನೋಡಿ.
- ಟಿಡಬ್ಲ್ಯೂಐ: ಈ ಅಕ್ಷರಗಳ ನೇರಕ್ಕೆ ಗ್ರಿಪ್ಪಿನ ಸಂದಿಯೊಳಗೆ ಚಿಕ್ಕ ದಿಣ್ಣೆ ಇರುತ್ತದೆ. ಗ್ರಿಪ್ ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂದರೆ ಟೈರು ಮುಗಿಯಿತು.
- ಐಎಸ್‌ಐ ಗುರುತು: 2009ರ ಸರ್ಕಾರಿ ಆದೇಶ ಟೈರಿಗೆ ಇದನ್ನು ಕಡ್ಡಾಯ ಮಾಡಿತು. ಬೈಕ್ ಟೈರಿಗೆ ಸಂಖ್ಯೆ ಐಎಸ್ 15627.
- ನಾಲ್ಕು ಅಂಕಿ: ಮೊದಲೆರಡು ವಾರ, ಕೊನೆಯೆರಡು ವರ್ಷ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಮೊದಲಿನ ಟೈರು. ಅದನ್ನು ತೆಂಗಿನ ಗಿಡದ ಪಾತಿಗೋ ಮಕ್ಕಳ ಜೋಕಾಲಿಗೋ ಕೊಡಿ.

ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಗಮನವಿಟ್ಟು ನೋಡಬೇಕು, ಹತ್ತು ವರ್ಷ ಆದರೆ ಗ್ರಿಪ್ ಎಷ್ಟಿದ್ದರೂ ತೆಗೆಯಬೇಕು ಅಂತ ಟೈರು ಮಾಡುವವರೇ ಹೇಳುತ್ತಾರೆ. ನೋಡುವುದು ಕಷ್ಟವೇನಲ್ಲ. ಗ್ರಿಪ್ಪಿನ ಬುಡದಲ್ಲಿ, ಪಕ್ಕದಲ್ಲಿ ಕೂದಲೆಳೆಯ ಬಿರುಕು ಇದೆಯಾ? ಉಗುರಿನಿಂದ ಒತ್ತಿದರೆ ರಬ್ಬರು ಸ್ವಲ್ಪವೂ ಒಳಗೆ ಹೋಗದೆ ಪ್ಲಾಸ್ಟಿಕ್ಕಿನ ಹಾಗಿದೆಯಾ? ಅಪ್ಪನ ಟೈರಿನಲ್ಲಿ ಎರಡೂ ಇದ್ದವು. ಒಣರಸ್ತೆಯಲ್ಲಿ ಗೊತ್ತೇ ಆಗಿರಲಿಲ್ಲ. ಹಸಿ ರಸ್ತೆಯಲ್ಲಿ ಗಟ್ಟಿ ರಬ್ಬರು ನೆಲವನ್ನು ಕಚ್ಚುವುದಿಲ್ಲ. ಹಸು ಬಂದದ್ದು ಒಂದು ನೆಪ.

ಹಾಕಿಸುವಾಗ

ಟೈರಿನ ಜೊತೆಗೆ ಟ್ಯೂಬೂ ಹೊಸದೇ ಇರಲಿ. ಹಳೆ ಟ್ಯೂಬು ಹಿಗ್ಗಿರುತ್ತದೆ, ಹೊಸ ಟೈರಿನೊಳಗೆ ಮಡಿಕೆ ಬಿದ್ದು ಅಲ್ಲೇ ತೂತಾಗುತ್ತದೆ. ಸ್ಪೋಕಿನ ತುದಿ ಟ್ಯೂಬಿಗೆ ಚುಚ್ಚದಂತೆ ರಿಮ್ಮಿನ ಸುತ್ತ ಇರುವ ರಬ್ಬರ್ ಪಟ್ಟಿಯನ್ನೂ ಬದಲಿಸಿ. ನಮ್ಮ ಗಾಡಿಯಲ್ಲಿ ಅದು ಮುಟ್ಟಿದರೆ ಪುಡಿಯಾಗುತ್ತಿತ್ತು. ರಿಮ್ಮಿನ ತುಕ್ಕು ಉಜ್ಜಿ ತೆಗೆಸಿದೆವು. ಸಡಿಲವಾಗಿದ್ದ ಸ್ಪೋಕುಗಳನ್ನು ಬಿಗಿ ಮಾಡಿಸಿ, ಚಕ್ರದ ಬೆಂಡ್ ತೆಗೆಸಿದೆವು.

ಗಾಳಿ ತುಂಬಿದ ಮೇಲೆ ರಿಮ್ಮಿನ ಅಂಚಿಗೆ ಹತ್ತಿರ ಟೈರಿನ ಮೇಲೆ ಒಂದು ತೆಳು ಗೆರೆ ಕಾಣುತ್ತದೆ. ಆ ಗೆರೆ ಸುತ್ತಲೂ ರಿಮ್ಮಿನಿಂದ ಒಂದೇ ದೂರದಲ್ಲಿ ಇರಬೇಕು. ಒಂದು ಕಡೆ ಒಳಗೆ ಹೋಗಿದ್ದರೆ ಟೈರು ಸರಿಯಾಗಿ ಕೂತಿಲ್ಲ, ಗಾಳಿ ಬಿಟ್ಟು ಮತ್ತೆ ಕೂರಿಸಬೇಕು. ಮುಂದೊಂದು ಹೊಸದು ಹಿಂದೊಂದು ಮುದಿಯದು ಅಂತ ಅರ್ಧ ಉಳಿತಾಯ ಮಾಡಬೇಡಿ. ಒಂದನ್ನೇ ಕೊಳ್ಳುವಷ್ಟು ದುಡ್ಡಿದ್ದರೆ, ಇನ್ನೊಂದು ಬರುವವರೆಗೆ ಮಳೆಯಲ್ಲಿ ಗಾಡಿ ತೆಗೆಯದಿರುವುದು ಒಳ್ಳೆಯದು.

ಮೊದಲ 150 ಕಿಲೋಮೀಟರ್

ಹೊಸ ಟೈರು ಹಾಕಿದ ದಿನವೇ ಬಿದ್ದವರ ಕಥೆಗಳು ಎಲ್ಲ ಊರಿನಲ್ಲೂ ಇವೆ. ಕಾರಣ ಇದೆ. ಅಚ್ಚಿನಿಂದ ಬಂದ ಟೈರಿನ ಮೇಲ್ಮೈ ನುಣುಪಾಗಿರುತ್ತದೆ. ಟೈರು ಅಚ್ಚಿಗೆ ಅಂಟದಿರಲಿ ಅಂತ ಬಳಸುವ ವಸ್ತುವಿನ ಜಿಡ್ಡೂ ಉಳಿದಿರಬಹುದು. ರಸ್ತೆಗೆ ಉಜ್ಜಿ ಒರಟಾಗುವವರೆಗೆ ಅದು ಪೂರ್ತಿ ಹಿಡಿತ ಕೊಡುವುದಿಲ್ಲ. ಇನ್ನೊಂದು ಕಾರಣ ಓಡಿಸುವವರದ್ದು. ಹಳೆ ಟೈರು ನಡುವೆ ಸವೆದು ಚಪ್ಪಟೆಯಾಗಿರುತ್ತದೆ, ಕೈಗೆ ಅದೇ ರೂಢಿಯಾಗಿರುತ್ತದೆ. ದುಂಡಗಿನ ಹೊಸ ಟೈರಿನಲ್ಲಿ ಗಾಡಿ ಬೇಗ ಬಾಗುತ್ತದೆ. ಆ ಬದಲಾವಣೆ ಕೈಗೆ ಹೊಂದಲು ಸಮಯ ಬೇಕು.

ನಾವು ಒಂದು ವಾರ ಬೆಳಗ್ಗೆ ಆರಕ್ಕೆ ಗಾಡಿ ತೆಗೆದೆವು. ತ್ಯಾಗರಾಜನಗರದಿಂದ ಎನ್.ಆರ್. ಕಾಲೊನಿ, ಅಲ್ಲಿಂದ ಬುಲ್ ಟೆಂಪಲ್ ರಸ್ತೆ ಹಿಡಿದು ರಾಮಕೃಷ್ಣ ಆಶ್ರಮದವರೆಗೆ, ಗಾಂಧಿ ಬಜಾರ್ ಸುತ್ತಿ ವಾಪಸ್. ನಲವತ್ತು ದಾಟಲಿಲ್ಲ. ಬ್ರೇಕನ್ನು ಎರಡೂ ಕಡೆ ಮೆಲ್ಲಗೆ, ದೂರದಿಂದಲೇ ಹಿಡಿದೆವು. ತಿರುವಿನಲ್ಲಿ ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚು ಬಾಗಿಸಿದೆವು, ಏಕೆಂದರೆ ಟೈರಿನ ಅಂಚೂ ಒರಟಾಗಬೇಕು. ರಾತ್ರಿ ಬಿದ್ದ ಎಲೆಗಳು, ಜೀಬ್ರಾ ಪಟ್ಟಿಯ ಬಣ್ಣ, ಮ್ಯಾನ್‌ಹೋಲ್ ಮುಚ್ಚಳ: ಹೊಸ ಟೈರಿಗೆ ಈ ಮೂರೂ ಜಾರುಬಂಡೆ. ಕಾರ್ತಿಕದ ಕೊನೇ ಸೋಮವಾರದ ಕಡಲೆಕಾಯಿ ಪರಿಷೆ ಹತ್ತಿರ ಬಂದಾಗ ಆ ರಸ್ತೆಯೇ ಬೇಡ ಅಂತ ಬಿಟ್ಟೆವು. ತುಳಿದ ಸಿಪ್ಪೆಯ ಮೇಲೆ ಹಳೆ ಟೈರೂ ನಿಲ್ಲುವುದಿಲ್ಲ.

ಹೊಳಪು ಬರಲಿ ಅಂತ ಟೈರಿಗೆ ಪಾಲಿಶ್, ಡೀಸೆಲ್ ಹಚ್ಚಬೇಡಿ. ಹಚ್ಚಿದರೆ ಜಾರುತ್ತದೆ, ರಬ್ಬರೂ ಕೆಡುತ್ತದೆ. ಮರುದಿನ ಗಾಳಿ ಮತ್ತೆ ನೋಡಿಸಿ. ಹೊಸ ಟೈರು ರಿಮ್ಮಿಗೆ ಹೊಂದಿಕೊಳ್ಳುವಾಗ ಗಾಳಿ ಸ್ವಲ್ಪ ಇಳಿದಿರಬಹುದು. ಗಾಳಿ ನೋಡಬೇಕಾದ್ದು ಟೈರು ತಣ್ಣಗಿರುವಾಗ. 100 ಸಿಸಿ ಗಾಡಿಗಳಲ್ಲಿ ಸಾಮಾನ್ಯವಾಗಿ ಒಬ್ಬರಿದ್ದರೆ ಮುಂದೆ 25, ಹಿಂದೆ 28 ಪೌಂಡ್. ಹಿಂದೆ ಆಳು ಅಥವಾ ಮೂಟೆ ಇದ್ದರೆ ಹಿಂದಿನ ಚಕ್ರಕ್ಕೆ ಇನ್ನೂ ಹೆಚ್ಚು ಬೇಕು. ನಿಮ್ಮ ಗಾಡಿಯ ಸ್ಟಿಕ್ಕರಿನಲ್ಲಿ ಅಥವಾ ಪುಸ್ತಕದಲ್ಲಿ ಎಷ್ಟಿದೆಯೋ ಅಷ್ಟು ಹಾಕಿಸಿ. ಬೆರಳಲ್ಲಿ ಒತ್ತಿ ನೋಡುವ ಲೆಕ್ಕ ಬೇಡ.

ಊರಿಗೆ ವಾಪಸ್

ಡಿಸೆಂಬರ್‌ನ ಒಂದು ಭಾನುವಾರ ಗಾಡಿಯನ್ನು ಓಡಿಸಿಕೊಂಡೇ ಮದ್ದೂರಿಗೆ ಹೊರಟೆವು. 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ನಡುರಸ್ತೆಯಲ್ಲಿ ಬೈಕುಗಳಿಗೆ ಪ್ರವೇಶ ಇಲ್ಲ. ಕೆಂಗೇರಿ, ಬಿಡದಿ, ರಾಮನಗರ, ಚನ್ನಪಟ್ಟಣ, ಎಲ್ಲ ಕಡೆ ಪಕ್ಕದ ರಸ್ತೆಯಲ್ಲೇ ಹೋದೆವು. ಮೈಸೂರಿನಲ್ಲಿ ಹುಟ್ಟಿದ ಗಾಡಿ ಮೈಸೂರು ರಸ್ತೆಯ ಅಂಚಿನಲ್ಲಿ ದುಗು ದುಗು ಅನ್ನುತ್ತಾ ಸಾಗಿತು. ರಾಮನಗರದಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ ಇಬ್ಬರು ವಯಸ್ಸಾದವರು ಬಂದು ಗಾಡಿಯ ಟ್ಯಾಂಕ್ ಸವರಿದರು. ಒಬ್ಬರು, ‘ಟೈರ್ ಎಲ್ ಸಿಕ್ತಪ್ಪಾ?’ ಅಂತ ಮೊದಲು ಕೇಳಿದ್ದೇ ಅದನ್ನು. ಅವರ ಮನೆಯಲ್ಲೂ ಒಂದು ಜಾವಾ ನಿಂತಿದೆಯಂತೆ.

ಮನೆ ಮುಂದೆ ಗಾಡಿ ನಿಲ್ಲಿಸಿದಾಗ ಅಪ್ಪ ಎಂಜಿನ್ ಸದ್ದಿನ ಬಗ್ಗೆ ಏನೂ ಕೇಳಲಿಲ್ಲ. ಮೊಣಕಾಲೂರಿ ಕೂತು ಮುಂದಿನ ಟೈರಿಗೆ ಉಗುರು ಒತ್ತಿ ನೋಡಿದರು. ‘ಎಲ್ಲೋ ಅದು, ತೋರ್ಸು’ ಅಂದರು. ನಾಲ್ಕು ಅಂಕಿ ತೋರಿಸಿದೆವು. ಹತ್ತೊಂಬತ್ತು, ಇಪ್ಪತ್ನಾಲ್ಕು ಅಂತ ಬಾಯಲ್ಲಿ ಹೇಳಿಕೊಂಡರು. ಆಮೇಲೆ ನಮ್ಮ ಕೈಯಿಂದ ಫೋನ್ ಇಸಿದುಕೊಂಡು ಟಾರ್ಚ್ ಹಾಕಿ ಪಕ್ಕದ ಮನೆಯ ಸ್ಪ್ಲೆಂಡರ್ ಹತ್ತಿರ ಹೋದರು. ಅದರಲ್ಲಿ ಆ ಮನೆಯ ಹುಡುಗಿ ದಿನವೂ ಮದ್ದೂರಿನ ಕಾಲೇಜಿಗೆ ಹೋಗುತ್ತಾಳೆ.

ನೀವು ಇದನ್ನು ಓದುತ್ತಿರುವುದೂ ಫೋನಿನಲ್ಲೇ. ಅದರ ಟಾರ್ಚ್ ಹಾಕಿ ನಿಮ್ಮ ಮನೆ ಮುಂದಿನ ಗಾಡಿಯ ಟೈರನ್ನು ಒಮ್ಮೆ ನೋಡಿ ಬನ್ನಿ. ಬೇಕಾದದ್ದು ಎರಡು ನಿಮಿಷ.